ಎಡನಳಿಗೆಯ ಬೆಲೆ

"ಬುದ್ಧಿ, ಮಾರುವವನು ತನ್ನ ವಸ್ತುವಿನ ಹುಳುಕನ್ನು ತಾನೇ ಬಾಯಿಬಿಟ್ಟು ಹೇಳಬೇಕೇ?"

ಕೇಳಿದವನು ಗುರುಪಾದ. ಅವನು ಮಠಕ್ಕೆ ಸೇರಿ ಮೂರು ವರ್ಷವಾಗಿತ್ತು. ಮಠದ ಹಳೆಯ ಗಾಡಿಯನ್ನು ಮಾರಿ ಬರುವ ಕೆಲಸ ಅವನ ಪಾಲಿಗೆ ಬಂದಿತ್ತು. ಗಾಡಿಯ ಅಚ್ಚಿನಲ್ಲಿ ಒಂದು ಸೀಳು ಇತ್ತು. ಬಣ್ಣ ಬಳಿದರೆ ಅದು ಕಾಣುತ್ತಿರಲಿಲ್ಲ.

"ಕೊಳ್ಳುವವನು ಕೇಳಿದರೆ ಏನು ಮಾಡುತ್ತೀಯೆ?" ಎಂದರು ಗುರುಗಳು.

"ಕೇಳಿದರೆ ಹೇಳುತ್ತೇನೆ ಬುದ್ಧಿ. ಸುಳ್ಳು ನನ್ನ ನಾಲಿಗೆಗೆ ಬಾರದು. ಆದರೆ ಅವನು ಕೇಳದೆ ಇದ್ದರೆ? ನಾನಾಗಿ ಹೇಳಿದರೆ ಬೆಲೆ ಬೀಳುತ್ತದೆ. ನಷ್ಟ ಮಠಕ್ಕೆ. ನ್ಯಾಯವಾದ ಬೆಲೆ ಸಿಗಬೇಕಾದರೆ ಎಷ್ಟು ಹೇಳಬೇಕು, ಎಷ್ಟು ನುಂಗಬೇಕು?"

ಗುರುಗಳು ನಕ್ಕು ಅವನನ್ನು ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಕಾಡಿನ ಅಂಚಿನ ಒಂದು ಊರಿನಲ್ಲಿ ಸಿಂಗ್ರಯ್ಯ ಎಂಬ ಬೇಟೆಗಾರನಿದ್ದ. ರಾಜರ ಕಾಲ. ಬೆಳೆಗೆ ಬೀಳುವ ಹಂದಿಯನ್ನು ಹೊಡೆಯಲು ಸುತ್ತಿನ ಹಳ್ಳಿಯವರು ಅವನನ್ನು ಕರೆಯುತ್ತಿದ್ದರು. ಕೊಟ್ಟ ರಾಗಿ, ಭತ್ತದಲ್ಲಿ ಅವನ ಸಂಸಾರ ನಡೆಯುತ್ತಿತ್ತು. ಅವನಿಗೆ ಇದ್ದ ಆಸ್ತಿ ಒಂದು ಜೋಡುನಳಿಗೆಯ ಕೋವಿ. ಮನೆಯಲ್ಲಿ ಹೆಂಡತಿ ಪುಟ್ಟಾಜಮ್ಮ. ಮಕ್ಕಳಿರಲಿಲ್ಲ.

ಅರವತ್ತು ದಾಟಿದ ಮೇಲೆ ಅವನ ಕಣ್ಣು ಮಸಕಾಯಿತು. ಒಂದು ದಿನ ಬೇಲಿಯ ಮೇಲೆ ಕರಡಿ ಕುಳಿತಿದೆ ಎಂದು ಗುಂಡು ಹೊಡೆದ. ಬಿದ್ದದ್ದು ಪಕ್ಕದ ಮನೆಯವರು ಒಣಹಾಕಿದ್ದ ಕಂಬಳಿ. ಊರಿನವರು ಒಂದು ವಾರ ನಕ್ಕರು. ಎಂಟನೆಯ ದಿನ ಹೆಂಡತಿ ಕೇಳಿದಳು.

"ಇವತ್ತು ಕಂಬಳಿಗೆ ಹೊಡೆದಿರಿ. ನಾಳೆ ಅದನ್ನು ಹೊದ್ದವನಿಗೆ ಹೊಡೆದರೆ?"

ಸಿಂಗ್ರಯ್ಯನ ಮನಸ್ಸಿನಲ್ಲೂ ಅದೇ ಇತ್ತು. ಕೋವಿಯನ್ನು ಮಾರುವುದು, ಬಂದ ಹಣದಲ್ಲಿ ಎರಡು ಕರೆಯುವ ಎಮ್ಮೆ ಕೊಳ್ಳುವುದು ಎಂದು ಗಂಡಹೆಂಡಿರು ಗೊತ್ತುಮಾಡಿಕೊಂಡರು. ಮುಪ್ಪಿಗೆ ಬೇರೆ ಆಧಾರ ಇರಲಿಲ್ಲ. ಕೋವಿಗೆ ಸರಿಯಾದ ಬೆಲೆ ಬಂದರೆ ಎಮ್ಮೆ. ಬಾರದಿದ್ದರೆ ಇನ್ನೊಬ್ಬರ ಮನೆಯ ಜಗಲಿ.

ಆ ಕೋವಿಗೆ ಒಂದು ಹುಳುಕು ಇತ್ತು. ಬಲನಳಿಗೆ ಒಮ್ಮೆಯೂ ತಪ್ಪಿದ್ದಲ್ಲ. ಎಡನಳಿಗೆಯ ಕುದುರೆ, ಎಂದರೆ ಗುಂಡು ಸಿಡಿಸುವ ಕೊಕ್ಕೆ, ಮಾತ್ರ ಥಂಡಿ ಹಿಡಿದ ಬೆಳಗಿನ ಜಾವದಲ್ಲಿ, ಹತ್ತಕ್ಕೆ ಒಂದು ಸಲ ತೋಟಾವನ್ನು ಸರಿಯಾಗಿ ಬಡಿಯುತ್ತಿರಲಿಲ್ಲ. ಗುಂಡು ಹಾರುತ್ತಿರಲಿಲ್ಲ. ಕೋವಿ ರಿಪೇರಿಯವನು ಎರಡು ಸಲ ಬಿಚ್ಚಿ ಜೋಡಿಸಿದ್ದ. ಹೊಸ ಸ್ಪ್ರಿಂಗನ್ನೂ ಹಾಕಿದ್ದ. ಅದು ಮತ್ತೆ ಹಾಗೆಯೇ ಆಯಿತು. ಹಿಂದೊಮ್ಮೆ ಗಾಯಗೊಂಡ ಹಂದಿ ಎದುರಿಗೆ ನುಗ್ಗಿ ಬಂದಾಗ ಎಡನಳಿಗೆ ಟಕ್ ಎಂದು ಸುಮ್ಮನಾಗಿತ್ತು. ಸಿಂಗ್ರಯ್ಯ ಹತ್ತಿರದ ಮತ್ತಿಮರ ಹತ್ತಿ ಮಧ್ಯಾಹ್ನದವರೆಗೆ ಕೊಂಬೆ ತಬ್ಬಿಕೊಂಡು ಕುಳಿತಿದ್ದ. ಹಂದಿಯೂ ಮರದ ಬುಡದಲ್ಲಿ ಮಲಗಿ ಕಾದಿತ್ತು. ಈ ಸಂಗತಿ ಅವನಿಗೆ ಗೊತ್ತು, ಹೆಂಡತಿಗೆ ಗೊತ್ತು. ರಿಪೇರಿಯವನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಆ ಮಾತು ಮಾತ್ರ ಆಡಬೇಡಿ," ಎಂದು ಪುಟ್ಟಾಜಮ್ಮ ಹೇಳಿ ಕಳಿಸಿದಳು.

ಅವನು ಪೇಟೆಗೆ ಹೋದ. ಪೇಟೆಯಲ್ಲಿ ಕೋವಿಗಳನ್ನು ಕೊಂಡು ಮಾರುವ ವರ್ತಕನೊಬ್ಬನಿದ್ದ. ವರ್ತಕ ಕೋವಿಯನ್ನು ತಿರುಗಿಸಿ ನೋಡಿದ. ಮುಖ ಹುಳಿ ಮಾಡಿಕೊಂಡ. ನಳಿಗೆಗೆ ತುಕ್ಕು ಹತ್ತಿದೆ ಎಂದ. ಮರದ ಹಿಡಿ ಬಿರಿದಿದೆ ಎಂದ. ತೂಕ ಜಾಸ್ತಿ ಎಂದ. ಈ ಮಾದರಿಯನ್ನು ಈಗ ಯಾರೂ ಕೇಳುವುದಿಲ್ಲ ಎಂದ. ಬಲನಳಿಗೆ ಸೊಟ್ಟಗಿದೆ ಎಂದೂ ಹೇಳಿದ. ಕೊನೆಗೆ, "ನಿನ್ನ ಮುಖ ನೋಡಿ ಎಪ್ಪತ್ತು ರೂಪಾಯಿ ಕೊಡುತ್ತೇನೆ," ಎಂದ.

ಸಿಂಗ್ರಯ್ಯನಿಗೆ ಮೈ ಉರಿಯಿತು. ಇದ್ದದ್ದು ಇಲ್ಲದ್ದು ಸೇರಿಸಿ ಐದು ದೋಷ ಹೇಳಿದ, ನಿಜವಾದ ಹುಳುಕನ್ನು ಕಾಣಲಿಲ್ಲ. ಇವನನ್ನು ನಾಚಿಸಲಿಕ್ಕಾದರೂ ಎಡನಳಿಗೆಯ ಮಾತು ಹೇಳಿಬಿಡಲೇ ಎನಿಸಿತು. ಹೆಂಡತಿಯ ನೆನಪಾಯಿತು. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

"ಎಪ್ಪತ್ತು ರೂಪಾಯಿಗೆ ಎಮ್ಮೆಯ ಬಾಲ ಬರುತ್ತದೆ," ಎಂದಳು ಪುಟ್ಟಾಜಮ್ಮ. "ನಾಳೆ ನಾನು ಹೋಗುತ್ತೇನೆ."

"ನೀನು ಕೋವಿ ಮಾರುತ್ತೀಯಾ?"

"ಮಾರುವುದಕ್ಕಲ್ಲ, ಕೊಳ್ಳುವುದಕ್ಕೆ."

ಮರುದಿನ ಅವಳು ಮದುವೆಯ ಸೀರೆ ಉಟ್ಟು ಅದೇ ಅಂಗಡಿಗೆ ಹೋದಳು. ತನ್ನ ತಮ್ಮನಿಗೆ ಒಂದು ಹಳೆಯ ಜೋಡುನಳಿಗೆ ಕೋವಿ ಬೇಕಾಗಿದೆ, ಬೆಲೆ ವಿಚಾರಿಸಿಕೊಂಡು ಬಾ ಎಂದಿದ್ದಾನೆ ಎಂದಳು. ವರ್ತಕ ಎದ್ದು ನಿಂತು ಮಣೆ ಹಾಕಿದ. ಒಂದು ಕೋವಿ ತಂದು ತೋರಿಸಿದ. ಅದು ಸಿಂಗ್ರಯ್ಯನ ಕೋವಿಗೆ ಒಡಹುಟ್ಟಿದಂತಿತ್ತು. ಅದಕ್ಕೂ ತುಕ್ಕು ಇತ್ತು, ಹಿಡಿಯಲ್ಲಿ ಬಿರುಕೂ ಇತ್ತು.

"ಇದೇನು ಇಲ್ಲಿ ಕೆಂಪಗೆ?" ಎಂದಳು.

"ಅದು ಹಳೆಯ ಕಬ್ಬಿಣದ ಕಳೆ ತಾಯಿ. ಹೊಸದಕ್ಕೆ ಎಲ್ಲಿ ಬರಬೇಕು?"

"ಮರ ಬಿರಿದಿದೆಯಲ್ಲ?"

"ಬಿರುಕಲ್ಲ, ಮರದ ಗೆರೆ. ಜಾತಿಮರ."

"ತೂಕವಾಗಿದೆಯಲ್ಲ?"

"ತೂಕವಿದ್ದರೆ ತಾನೇ ಗುರಿ ನಿಲ್ಲುವುದು!"

ಬೆಲೆ ಇನ್ನೂರ ಐವತ್ತು ಎಂದ. ಪುಟ್ಟಾಜಮ್ಮ ತಮ್ಮನನ್ನು ಕೇಳಿ ಬರುತ್ತೇನೆ ಎಂದು ಎದ್ದಳು. ಅವಳಿಗೆ ತಮ್ಮನೇ ಇರಲಿಲ್ಲ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದಳು.

ಮನೆಯಲ್ಲಿ ಗಂಡಹೆಂಡಿರು ಕುಳಿತು ಲೆಕ್ಕ ಹಾಕಿದರು. ವರ್ತಕ ಇನ್ನೂರ ಐವತ್ತು ಎನ್ನುತ್ತಾನೆ, ಗಿರಾಕಿ ಜಗ್ಗಿದರೆ ಸ್ವಲ್ಪ ಇಳಿಯುತ್ತಾನೆ. ಅವನಿಗೆ ಅಂಗಡಿಯ ಬಾಡಿಗೆ ಇದೆ, ಲೈಸೆನ್ಸಿನ ಓಡಾಟ ಇದೆ, ವಸ್ತು ತಿಂಗಳುಗಟ್ಟಲೆ ಮಾರದೆ ಕುಳಿತಿರುತ್ತದೆ. ಅದನ್ನೆಲ್ಲ ಕಳೆದರೆ ಮನೆಯಿಂದ ಮಾರುವವನಿಗೆ ಇನ್ನೂರು ನ್ಯಾಯ. ಇನ್ನೂರಕ್ಕೆ ಸರಿಯಾಗಿ ಎರಡು ಎಮ್ಮೆ.

ಅವರು ಕೋವಿಯ ತುಕ್ಕು ತಿಕ್ಕಿದರು. ನಳಿಗೆಯೊಳಗೆ ಎಣ್ಣೆಯ ಬಟ್ಟೆ ಎಳೆದರು. ಹಿಡಿಗೆ ಜೇನುಮೇಣ ಹಚ್ಚಿ ಉಜ್ಜಿದರು. ಕೋವಿ ಮದುಮಗನಂತಾಯಿತು. ಮಾರುವುದಿದೆ ಎಂಬ ಸುದ್ದಿಯನ್ನು ನಾಲ್ಕು ಊರಿಗೆ ಮುಟ್ಟಿಸಿದರು.

ಹತ್ತು ದಿನದ ಮೇಲೆ ಒಬ್ಬ ರೈತ ಬಂದ. ಅವನ ಹೊಲ ಕಾಡಿಗೆ ತಾಗಿಕೊಂಡಿತ್ತು. ಹಂದಿಗಳು ಎರಡು ವರ್ಷದಿಂದ ಗೆಣಸು, ಕಡಲೆಕಾಯಿ ಒಂದನ್ನೂ ಉಳಿಸಿರಲಿಲ್ಲ. ಕೋವಿ ಇಟ್ಟುಕೊಳ್ಳಲು ಅಮಲ್ದಾರರ ಕಚೇರಿಯಿಂದ ಲೈಸೆನ್ಸ್ ಮಾಡಿಸಿಕೊಂಡಿದ್ದ. ಅವನು ಮಾತು ಕಡಿಮೆಯ ಮನುಷ್ಯ. ನಳಿಗೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಹಿಡಿಯನ್ನು ಬೆರಳಿನಿಂದ ತಟ್ಟಿದ. ಹಿತ್ತಲಿನ ಆಚೆಯ ಬಯಲಿಗೆ ಹೋಗಿ ಒಂದು ಒಡಕು ಮಡಕೆ ಇಟ್ಟು ಹೊಡೆದ. ಬಲನಳಿಗೆ ಹಾರಿತು. ಎಡನಳಿಗೆಯೂ ಹಾರಿತು. ಬಿಸಿಲು ಚೆನ್ನಾಗಿತ್ತು. ಮತ್ತೆ ಎರಡು ತೋಟಾ ತುಂಬಿ ಹೊಡೆದ. ಎರಡೂ ಹಾರಿದವು.

"ಬೆಲೆ?" ಎಂದ.

"ಇನ್ನೂರು," ಎಂದ ಸಿಂಗ್ರಯ್ಯ.

ರೈತ ಚೌಕಾಸಿ ಮಾಡಲಿಲ್ಲ. ಪೇಟೆಯಲ್ಲಿ ವಿಚಾರಿಸಿಯೇ ಬಂದಿದ್ದ. ಸೊಂಟದ ಚೀಲ ಬಿಚ್ಚಿ ಹಣವನ್ನು ಜಗಲಿಯ ಮೇಲೆ ಇಟ್ಟ. ಪುಟ್ಟಾಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣಿಗೆ ಅದಾಗಲೇ ಎರಡು ಎಮ್ಮೆಗಳಾಗಿ ಕಾಣುತ್ತಿತ್ತು.

ರೈತ ಕೋವಿಯನ್ನು ಎತ್ತಿಕೊಂಡು, ಮೊದಲ ಸಲ ನಕ್ಕ.

"ಇಷ್ಟು ದಿನ ತಮಟೆ ಬಡಿದುಕೊಂಡು ದೂರದಿಂದ ಕೂಗುತ್ತಿದ್ದೆ. ಇನ್ನು ಹಂದಿಯ ಎದುರಿಗೇ ನಿಲ್ಲುತ್ತೇನೆ ಯಜಮಾನರೇ. ಒಂದು ಗುಂಡು ತಪ್ಪಿದರೂ ಇನ್ನೊಂದು ಇದೆಯಲ್ಲ."

ಸಿಂಗ್ರಯ್ಯ ನೆಲ ನೋಡಿದ. ಹಣ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಬೇಡ ಎಂದು ಕಣ್ಣಿನಲ್ಲೇ ಹೇಳಿದಳು. ಅವನಿಗೆ ಮತ್ತಿಮರದ ಮೇಲೆ ಕಳೆದ ಆ ಬೆಳಗು ಕಣ್ಣಿಗೆ ಬಂತು. ಅವನ ಕಾಲಿಗೆ ಆಗ ಮರ ಹತ್ತುವ ಕಸುವಿತ್ತು. ಈ ರೈತನ ಹೊಲದ ಹತ್ತಿರ ಮರ ಇದೆಯೋ ಇಲ್ಲವೋ.

"ಕೂತುಕೊಳ್ಳಪ್ಪ," ಎಂದ. "ಎಡನಳಿಗೆಯನ್ನು ನೆಚ್ಚಿಕೊಂಡು ಎದುರಿಗೆ ನಿಲ್ಲಬೇಡ. ಥಂಡಿಯಲ್ಲಿ ಹತ್ತಕ್ಕೆ ಒಂದು ಸಲ ಅದು ಹಾರುವುದಿಲ್ಲ. ಎರಡು ಸಲ ರಿಪೇರಿ ಮಾಡಿಸಿದ್ದೇನೆ, ಹೋಗಿಲ್ಲ. ಒಮ್ಮೆ ಹಂದಿ ನುಗ್ಗಿ ಬಂದಾಗ ಮರ ಹತ್ತಿ ಬದುಕಿಕೊಂಡೆ."

ಒಳಗೆ ಒಂದು ಪಾತ್ರೆ ಬಿದ್ದ ಸದ್ದಾಯಿತು. ಅದು ತಾನಾಗಿ ಬಿದ್ದದ್ದಲ್ಲ.

ರೈತ ಕೋವಿಯನ್ನು ಮೆಲ್ಲಗೆ ಕೆಳಗಿಟ್ಟ. "ಹಾಗಾದರೆ ಈಗ ಬೆಲೆ ಎಷ್ಟು?" ಎಂದು ಕೇಳಿದ.

ಸಿಂಗ್ರಯ್ಯ ಯೋಚಿಸಿದ. "ನನಗೆ ತಿಳಿಯದು," ಎಂದ. "ಹುಳುಕು ಹೇಳಿ ಮಾರಿ ನನಗೆ ಅಭ್ಯಾಸವಿಲ್ಲ. ನೀನೇ ಹೇಳು."

"ಹುಳುಕು ಕೇಳಿ ಕೊಂಡು ನನಗೂ ಅಭ್ಯಾಸವಿಲ್ಲ," ಎಂದ ರೈತ. ಹಣವನ್ನು ಚೀಲಕ್ಕೆ ತುಂಬಿದ. ನೋಡುತ್ತೇನೆ ಎಂದು ಹೊರಟುಹೋದ.

ಆ ದಿನ ಪುಟ್ಟಾಜಮ್ಮ ಗಂಡನಿಗೆ ಉಪ್ಪಿಲ್ಲದ ಸಾರು ಬಡಿಸಿದಳು. ಮರುದಿನ ಸಾರಿಗೆ ಉಪ್ಪೂ ಇರಲಿಲ್ಲ, ಹುಳಿಯೂ ಇರಲಿಲ್ಲ. ಮೂರನೆಯ ದಿನ ಬರೀ ಮುದ್ದೆ. ಸಿಂಗ್ರಯ್ಯ ಅದನ್ನೂ ನುಂಗಿದ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವನಿಗೂ ಗಟ್ಟಿಯಾಗಿ ಹೇಳಲು ಬರುತ್ತಿರಲಿಲ್ಲ. ಒಂದು ಮಾತ್ರ ನಿಜ, ಮೂರು ದಿನವೂ ಅವನಿಗೆ ನಿದ್ದೆ ಚೆನ್ನಾಗಿ ಬಂತು. ಅದು ಹೆಂಡತಿಯ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಾಲ್ಕನೆಯ ದಿನ ರೈತ ಮತ್ತೆ ಬಂದ. ಜೊತೆಗೆ ಇನ್ನಿಬ್ಬರು ರೈತರು ಇದ್ದರು. ಜಗಲಿಯ ಮೇಲೆ ಕುಳಿತು ನೀರು ಕುಡಿದು ನಡೆದದ್ದನ್ನು ಹೇಳಿದ.

ಇಲ್ಲಿಂದ ಹೋದವನು ಪೇಟೆಯ ವರ್ತಕನ ಅಂಗಡಿಗೆ ಹೋಗಿದ್ದ. ಅಲ್ಲಿ ಹನ್ನೊಂದು ಕೋವಿಗಳಿದ್ದವು. ಒಂದೊಂದನ್ನೂ ತೋರಿಸಿ ಇದರ ಹುಳುಕು ಏನು ಎಂದು ಕೇಳಿದ್ದ. ವರ್ತಕ ಹನ್ನೊಂದಕ್ಕೂ, ಏನೂ ಇಲ್ಲ ಎಂದು ಹೇಳಿದ್ದ.

"ಹಳೆಯ ಕೋವಿ, ಹುಳುಕಿಲ್ಲ ಎಂದರೆ ಯಾರು ನಂಬುತ್ತಾರೆ?" ಎಂದ ರೈತ. "ನನ್ನ ಎತ್ತಿಗಿದೆ, ನನ್ನ ನೇಗಿಲಿಗಿದೆ, ನನಗೇ ಇದೆ. ಆ ಹನ್ನೊಂದರಲ್ಲಿ ಯಾವುದು ಎಲ್ಲಿ ಕೈಕೊಡುತ್ತದೋ ಹಂದಿ ಎದುರಿಗೆ ಬಂದ ಮೇಲೆಯೇ ನನಗೆ ಗೊತ್ತಾಗುವುದು. ನಿಮ್ಮ ಕೋವಿ ಎಲ್ಲಿ ಕೈಕೊಡುತ್ತದೆ ಎಂದು ಇವತ್ತೇ ಗೊತ್ತು. ಮೊದಲು ಬಲನಳಿಗೆ ಹೊಡೆಯುತ್ತೇನೆ. ಮರ ಇಲ್ಲದ ಕಡೆ ನಿಲ್ಲುವುದಿಲ್ಲ. ನೂರ ಎಂಬತ್ತು ಕೊಡುತ್ತೇನೆ. ಇಪ್ಪತ್ತು ರೂಪಾಯಿ ಎಡನಳಿಗೆಯ ಹಠಕ್ಕೆ. ನ್ಯಾಯವೇ?"

"ನ್ಯಾಯ," ಎಂದ ಸಿಂಗ್ರಯ್ಯ. ಒಳಗಿನಿಂದ ಮಜ್ಜಿಗೆ ಬಂತು. ಅದಕ್ಕೆ ಉಪ್ಪು ಹಾಕಿತ್ತು.

ಕಚೇರಿಗೆ ಹೋಗಿ ಕೋವಿಯನ್ನು ರೈತನ ಹೆಸರಿಗೆ ಬರೆಸಿದರು. ಬರುವಾಗ ಜೊತೆಗಿದ್ದ ಇಬ್ಬರೂ ಸಿಂಗ್ರಯ್ಯನನ್ನು ತಡೆದರು. ಅವರಿಗೂ ಕೋವಿ ಕೊಳ್ಳುವುದಿತ್ತು. ವರ್ತಕನ ಅಂಗಡಿಗೆ ನಮ್ಮ ಜೊತೆ ಬಂದು ಆರಿಸಿಕೊಡಿ, ಕೋವಿಗೆ ಐದು ರೂಪಾಯಿಯಂತೆ ಕೊಡುತ್ತೇವೆ ಎಂದರು.

"ನನಗೆ ಕಣ್ಣು ಕಾಣುವುದಿಲ್ಲವಲ್ಲ," ಎಂದ ಸಿಂಗ್ರಯ್ಯ.

"ನಮಗೆ ಬೇಕಾದದ್ದು ನಿಮ್ಮ ಬಾಯಿ," ಎಂದರು ಅವರು.

ಅವನು ಹೋದ. ಕಣ್ಣು ಮಸಕಾದರೂ ಬೆರಳು ಮಸಕಾಗಿರಲಿಲ್ಲ. ನಳಿಗೆಯ ಮೇಲೆ ಬೆರಳಾಡಿಸಿ ತಗ್ಗನ್ನು ಹಿಡಿಯುತ್ತಿದ್ದ. ಕುದುರೆ ಬಡಿಯುವ ಸದ್ದನ್ನು ಕಿವಿಗೊಟ್ಟು ಕೇಳಿ ಸ್ಪ್ರಿಂಗ್ ಹೇಗಿದೆ ಎಂದು ಹೇಳುತ್ತಿದ್ದ. ಇದು ಒಳ್ಳೆಯದು, ಆದರೆ ಹಿಡಿ ಬದಲಾಯಿಸಬೇಕು. ಇದು ನೋಡಲು ಚೆನ್ನ, ಮುಟ್ಟಬೇಡ. ಇದಕ್ಕೆ ನೂರರ ಮೇಲೆ ಒಂದು ಕಾಸು ಕೊಡಬೇಡ. ವರ್ತಕ ಹಲ್ಲು ಕಡಿದುಕೊಂಡ. ಆದರೆ ಆ ದಿನ ಅವನ ಎರಡು ಕೋವಿ ಮಾರಾಟವಾದವು. ಅವು ಎಂಟು ತಿಂಗಳಿಂದ ಗೋಡೆಗೆ ಒರಗಿಕೊಂಡಿದ್ದವು.

ಈ ಕಡೆ ಪುಟ್ಟಾಜಮ್ಮ ಎಮ್ಮೆ ಕೊಳ್ಳಲು ಹೊರಟಳು. ಕೈಯಲ್ಲಿ ಇದ್ದದ್ದು ನೂರ ಎಂಬತ್ತು, ಎಮ್ಮೆಯವನು ಕೇಳಿದ್ದು ಇನ್ನೂರು. ಅವಳು ಎಮ್ಮೆಯ ಹಲ್ಲು ನೋಡಲಿಲ್ಲ, ಕೆಚ್ಚಲು ನೋಡಲಿಲ್ಲ. ಎಮ್ಮೆಯವನ ಮುಖ ನೋಡಿ, "ಹುಳುಕು ಏನಿದೆ, ಹೇಳಿಬಿಡು," ಎಂದಳು. ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. ಅವನು ತಡವರಿಸಿದ.

"ಒಂದು ಎಮ್ಮೆ ಬಂಗಾರ ಅವ್ವ. ಇನ್ನೊಂದು ಗಂಡಸರು ಕರೆಯಲು ಕೂತರೆ ಒದೆಯುತ್ತದೆ. ನನ್ನ ಮಂಡಿ ನೋಡು."

"ನಮ್ಮ ಮನೆಯ ಗಂಡಸು ಈ ಜನ್ಮದಲ್ಲಿ ಹಾಲು ಕರೆಯುವವನಲ್ಲ," ಎಂದಳು ಪುಟ್ಟಾಜಮ್ಮ. "ಆದರೂ ಹುಳುಕು ಹುಳುಕೇ. ಇಪ್ಪತ್ತು ಇಳಿಸು."

ಎರಡು ಎಮ್ಮೆಗಳೂ ಮನೆಗೆ ಬಂದವು.

ವರ್ಷ ತಿರುಗುವುದರೊಳಗೆ ಸುತ್ತಿನಲ್ಲಿ ಒಂದು ರೂಢಿ ಬಿತ್ತು. ಹಳೆಯ ಕೋವಿಯನ್ನು ಯಾರೇ ಮಾರಲಿ, ಯಾರೇ ಕೊಳ್ಳಲಿ, ಸಿಂಗ್ರಯ್ಯ ಕೈಯಾಡಿಸಿ ಬೆಲೆ ಹೇಳಬೇಕು. ಮಾರುವವರು ಇವನು ಬೆಲೆ ಇಳಿಸಿದ ಎಂದು ಮೊದಮೊದಲು ಗೊಣಗಿದರು. ಆಮೇಲೆ ಅವರೇ ಮೊದಲು ಬರತೊಡಗಿದರು. ಇವನು ಹೇಳಿದ ಬೆಲೆಗೆ ಮೇಲೆ ಯಾರೂ ಜಗ್ಗುತ್ತಿರಲಿಲ್ಲ, ಕೆಳಗೆ ಯಾರೂ ಒತ್ತುತ್ತಿರಲಿಲ್ಲ.

ಒಂದು ದಿನ ಪೇಟೆಯ ವರ್ತಕನೇ ಮನೆಗೆ ಬಂದ. ಜಗಲಿಯ ಮೇಲೆ ಕುಳಿತ. ಗಟ್ಟಿ ಮೊಸರಿನ ಮಜ್ಜಿಗೆ ಕುಡಿದ. ತಂದುಕೊಟ್ಟವಳನ್ನು ಎಲ್ಲೋ ನೋಡಿದ ಹಾಗಿದೆ ಎಂದ.

"ನನ್ನ ತಮ್ಮ ಬೇಡ ಎಂದುಬಿಟ್ಟ ಸ್ವಾಮಿ," ಎಂದಳು ಪುಟ್ಟಾಜಮ್ಮ.

ವರ್ತಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನೂ ನಕ್ಕ. ನಕ್ಕದ್ದರಿಂದ ಮುಂದಿನ ಮಾತು ಸುಲಭವಾಯಿತು. ಸಂತೆಯ ದಿನ ತನ್ನ ಅಂಗಡಿಯಲ್ಲಿ ಬಂದು ಕೂರಬೇಕು, ದಿನಕ್ಕೆ ಇಷ್ಟು ಎಂದು ಕೊಡುತ್ತೇನೆ ಎಂದು ಸಿಂಗ್ರಯ್ಯನನ್ನು ಕೇಳಿದ.

"ಬರುತ್ತೇನೆ. ಇದ್ದದ್ದನ್ನು ಹೇಳುತ್ತೇನೆ," ಎಂದ ಸಿಂಗ್ರಯ್ಯ.

"ಹೇಳು. ಸ್ವಲ್ಪ ಮೆತ್ತಗೆ ಹೇಳು."

"ಕಾಡಿನಲ್ಲಿ ಮೂವತ್ತು ವರ್ಷ ಮೆತ್ತಗೆ ಮಾತಾಡಿದ್ದೇನೆ. ಇನ್ನು ಸಾಕು."

ವರ್ತಕ ಒಪ್ಪಿದ. ಗಂಡಹೆಂಡಿರು ಯಾರ ಜಗಲಿಗೂ ಹೋಗಲಿಲ್ಲ. ಎರಡು ಎಮ್ಮೆ ನಾಲ್ಕಾದವು. ಒದೆಯುವ ಎಮ್ಮೆಯೇ ಎಲ್ಲಕ್ಕಿಂತ ಹೆಚ್ಚು ಹಾಲು ಕೊಟ್ಟಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಮುಖ ಅರಳಿತ್ತು.

"ತಿಳಿಯಿತು ಬುದ್ಧಿ!" ಎಂದ. "ಹುಳುಕು ಹೇಳಿದವನಿಗೇ ಕೊನೆಗೆ ಲಾಭ. ಇದು ಗೊತ್ತಾದ ಮೇಲೆ ಹೇಳಲು ಹೆದರಿಕೆ ಯಾಕೆ?"

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ಆ ರೈತ ತಿರುಗಿ ಬಾರದೆಯೇ ಹೋಗಿದ್ದರೆ, ಸಿಂಗ್ರಯ್ಯ ಹೇಳಿದ್ದು ತಪ್ಪಾಗುತ್ತಿತ್ತೇನಪ್ಪ?"

ಗುರುಪಾದ ಎದ್ದು ಗಾಡಿಯ ಬಳಿಗೆ ಹೋದ. ಅಚ್ಚಿನ ಸೀಳಿಗೆ ಬಣ್ಣ ಬಳಿಯದೆಯೇ ಅದನ್ನು ಮಾರಲು ಹೊರಟ.